ದಿನದಿನಕ್ಕೆ ಕರಗುವ ಸರಕಿನ ಲೆಕ್ಕ

ನಮ್ಮ ವೈನಿಯವರಿಗೆ, ಅಂದರೆ ಅಣ್ಣನ ಹೆಂಡತಿಗೆ, ಗರ್ಭಕಂಠದ ಕ್ಯಾನ್ಸರ್. ಐದು ವಾರ ಬೈಲಹೊಂಗಲದಿಂದ ಬೆಳಗಾವಿಗೆ ಓಡಾಡಿ ಹೊರಗಿನ ಕರೆಂಟ್ ಮುಗಿಸಿದ್ದರು. ಆಮೇಲೆ ಒಳಗಿನ ಕರೆಂಟ್ ಮೂರು ಸಲ ಕೊಡಬೇಕು ಎಂದು ಡಾಕ್ಟರು ಹೇಳಿದರು. ವಿಕಿರಣ ಚಿಕಿತ್ಸೆಗೆ ನಮ್ಮ ಜನ ಇಟ್ಟುಕೊಂಡ ಹೆಸರು ಕರೆಂಟ್. ಮೊದಲ ಸಲದ್ದು ಮುಗಿಸಿ ಹೊರಗೆ ಬಂದ ವೈನಿ ನೋವಿನ ಮಾತೇ ಎತ್ತಲಿಲ್ಲ. ಮಷಿನ್ ನಿಂತ ಮೇಲೆ ಟೆಕ್ನಿಷಿಯನ್ ಹುಡುಗನೊಬ್ಬ ಕೈಯಲ್ಲಿ ಒಂದು ಡಬ್ಬಿ ಹಿಡಿದು ಬಂದು, ಅದನ್ನು ಅವರ ಹೊಟ್ಟೆ, ತೊಡೆ, ಹಾಸಿಗೆಯ ಮೇಲೆಲ್ಲ ಆಡಿಸಿ ನೋಡಿದನಂತೆ.

‘ಅದೇನ್ರೀ ತಮ್ಮಾ, ಮೈಮ್ಯಾಲ ಹಿಡದಿ?’ ಎಂದು ಕೇಳಿದ್ದಾರೆ.

‘ನಮ್ಮ ಸೋರ್ಸ್ ಮಷಿನ್ದಾಗ ವಾಪಸ್ ಹೋಗೇತಿಲ್ಲೋ ನೋಡಾಕ್ರೀ ಅಕ್ಕಾರ. ನಿಮ್ಮ ಕಡೆ ಏನೂ ಉಳಿದಿಲ್ಲ.’

‘ಉಳಿದಿದ್ರ?’

‘ಉಳೀಬಾರದು ಅಂತನ ನೋಡೂದ್ರಿ.’

ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಬಂದಿದ್ದೇನೆ. ಅರ್ಧಾಯುಷ್ಯದ, ಅಂದರೆ ವಿಕಿರಣ ವಸ್ತುವಿನ ಬಲ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲದ ಲೆಕ್ಕವನ್ನು ಎಷ್ಟು ಸಲ ಹಲಗೆಯ ಮೇಲೆ ಬಿಡಿಸಿದ್ದೇನೋ ನೆನಪಿಲ್ಲ. ಆದರೆ ಆ ಹುಡುಗ ಕೊಟ್ಟ ಉತ್ತರ ನನ್ನನ್ನು ಬಹಳ ದಿನ ಬಿಡಲಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ರೋಗಿಗಳು ಹಿಂದೆಲ್ಲ ಕ್ಯಾನ್ಸರ್ ಎಂದರೆ ಹುಬ್ಬಳ್ಳಿಗೋ ಮಿರಜಕ್ಕೋ ಬೆಂಗಳೂರಿಗೋ ಹೋಗಬೇಕಿತ್ತು. ಈಗ ಚಿಕಿತ್ಸೆ ಹತ್ತಿರ ಬರುತ್ತಿದೆ. ಬೆಳಗಾವಿಯಲ್ಲಿ ಹೊಸ ಕ್ಯಾನ್ಸರ್ ಆಸ್ಪತ್ರೆಯೊಂದನ್ನು ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದ್ದು 2025ರ ಜನವರಿಯಲ್ಲಿ. ಇದು ನಾವು ದಶಕಗಳಿಂದ ಬೇಡಿಕೊಂಡದ್ದು. ಆದರೆ ಚಿಕಿತ್ಸೆಯ ಜೊತೆಗೆ ಆ ಹುಡುಗ ಸೋರ್ಸ್ ಎಂದ, ವಿಕಿರಣ ಹೊರಡಿಸುವ ಆ ಸಣ್ಣ ಸರಕೂ ಊರೂರಿಗೆ ಬರುತ್ತದೆ, ಅದನ್ನು ಎಣಿಸಿ ಇಟ್ಟುಕೊಳ್ಳುವ ಶಿಸ್ತೂ ಅದರ ಹಿಂದೆಯೇ ಬರಬೇಕಾಗುತ್ತದೆ.

ವೈನಿಯವರ ಮೈಯೊಳಗೆ ಹೋಗಿ ಬಂದದ್ದು ಇರಿಡಿಯಂ-192. ಉಕ್ಕಿನ ಪುಟ್ಟ ಕೋಶದಲ್ಲಿ ಮುಚ್ಚಿದ ಅದರ ಗಾತ್ರ ಒಂದು ಜೀರಿಗೆ ಕಾಳಿನಷ್ಟು: ಉದ್ದ ನಾಲ್ಕೈದು ಮಿಲಿಮೀಟರ್, ದಪ್ಪ ಒಂದು ಮಿಲಿಮೀಟರ್‌ಗೂ ಕಡಿಮೆ. ಸಪೂರ ಉಕ್ಕಿನ ತಂತಿಯ ತುದಿಗೆ ಅದನ್ನು ಬೆಸೆದಿರುತ್ತಾರೆ. ಮಷಿನ್ನಿನ ಒಳಗೆ ಟಂಗ್‌ಸ್ಟನ್‌ ತಿಜೋರಿಯಲ್ಲಿ ಅದು ಮಲಗಿರುತ್ತದೆ. ಮೊದಲು ಒಂದು ಖಾಲಿ ತಂತಿ ಹೋಗಿ ದಾರಿ ಸರಿ ಇದೆಯೇ ಎಂದು ನೋಡಿಕೊಂಡು ಬರುತ್ತದೆ. ಆಮೇಲೆ ಮೋಟಾರು ನಿಜವಾದ ತಂತಿಯನ್ನು ನಳಿಗೆಯ ಮೂಲಕ ಗಡ್ಡೆಯ ಹತ್ತಿರಕ್ಕೆ ದೂಡುತ್ತದೆ. ಇಲ್ಲಿ ಹತ್ತು ಸೆಕೆಂಡು, ಅಲ್ಲಿ ಹದಿನೈದು ಸೆಕೆಂಡು ನಿಂತು ಕೆಲಸ ಮುಗಿಸಿ ತಿಜೋರಿಗೆ ಮರಳುತ್ತದೆ. ಇದಕ್ಕೆ ಬ್ರ್ಯಾಕಿಥೆರಪಿ ಎಂದು ಹೆಸರು. ಗರ್ಭಕಂಠದ ಕ್ಯಾನ್ಸರಿನಲ್ಲಿ ಹೊರಗಿನ ವಿಕಿರಣವೊಂದೇ ಸಾಲದಿದ್ದಾಗ ಜೀವ ಉಳಿಸುವುದು ಈ ಜೀರಿಗೆ ಕಾಳೇ. ಅದರ ಬಗ್ಗೆ ನಾನು ಬರೆಯುವ ಎಚ್ಚರಿಕೆಯ ಮಾತುಗಳನ್ನು ಓದಿ ಯಾರೂ ಚಿಕಿತ್ಸೆಯಿಂದ ಹಿಂದೆ ಸರಿಯಬಾರದು.

ಹೊಸದಾಗಿ ಬಂದಾಗ ಆ ಕಾಳಿನ ಬಲ ಸುಮಾರು 10 ಕ್ಯೂರಿ, ಅಂದರೆ 370 ಗಿಗಾಬೆಕೆರೆಲ್. ಯಾವ ಮರೆಯೂ ಇಲ್ಲದೆ ಅದರಿಂದ ಒಂದು ಮೀಟರ್ ದೂರದಲ್ಲಿ ಎರಡು ನಿಮಿಷ ನಿಂತರೆ ಸಾಕು, ಸಾಮಾನ್ಯ ಜನರಿಗೆ ಇಡೀ ವರ್ಷಕ್ಕೆ ಹಾಕಿದ 1 ಮಿಲಿಸೀವರ್ಟ್ ಮಿತಿ ದಾಟುತ್ತದೆ. ಅದನ್ನು ಕೈಯಲ್ಲಿ ಎತ್ತಿಕೊಂಡರೆ ಬೆರಳು ಸುಡುತ್ತದೆ, ಆದರೆ ಸುಟ್ಟದ್ದು ಆ ಹೊತ್ತಿಗೆ ಗೊತ್ತಾಗುವುದೇ ಇಲ್ಲ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಸೋರ್ಸ್‌ಗಳನ್ನು ಅಪಾಯಕ್ಕೆ ತಕ್ಕಂತೆ ಐದು ವರ್ಗ ಮಾಡಿದೆ. ಹೊರಗಿನಿಂದ ಕೊಡುವ ಕೋಬಾಲ್ಟ್ ಮಷಿನ್ನಿನದು ಒಂದನೇ ವರ್ಗ. ನಮ್ಮ ಈ ಜೀರಿಗೆ ಎರಡನೆಯದರಲ್ಲಿದೆ.

ಈಗ ಲೆಕ್ಕದ ಮಾತು. ಬೆಳಗಾವಿಯ ಶಹಾಪುರದ ಸರಾಫ ಗಲ್ಲಿಯಲ್ಲಿ ಪತ್ತಾರರ ಕೆಲಸ ನೋಡಿದವರಿಗೆ ಗೊತ್ತು, ಬಂಗಾರಕ್ಕೆ ಅರ ಹಾಕುವಾಗ ಉದುರಿದ ಪುಡಿಯನ್ನೂ ಬಿಡದೆ ಗುಡಿಸಿ ಇಟ್ಟುಕೊಳ್ಳುತ್ತಾರೆ. ಕೊಟ್ಟ ತೂಕ, ಒಡವೆಯ ತೂಕ, ಪುಡಿಯ ತೂಕ ಕೂಡಿ ಬರಬೇಕು. ಬಂಗಾರ ಇಂದು ಹತ್ತು ತೊಲೆ ಇದ್ದರೆ ನಾಳೆಯೂ ಹತ್ತು ತೊಲೆ, ಹಾಗಾಗಿ ಕಡಿಮೆ ಬಿದ್ದರೆ ಕಳುವು ಎಂದು ತಕ್ಷಣ ತಿಳಿಯುತ್ತದೆ. ಇರಿಡಿಯಂ ಹಾಗಲ್ಲ. ಅದರ ಅರ್ಧಾಯುಷ್ಯ 74 ದಿನ. ತಿಜೋರಿಯಲ್ಲಿ ಸುಮ್ಮನೆ ಕೂತಿದ್ದರೂ ದಿನಕ್ಕೆ ಹೆಚ್ಚುಕಡಿಮೆ ನೂರಕ್ಕೆ ಒಂದರಷ್ಟು ಬಲ ಕಳೆದುಕೊಳ್ಳುತ್ತದೆ. ಮೂರು ತಿಂಗಳಿಗೆ 10 ಕ್ಯೂರಿ ಇದ್ದದ್ದು 4.3ಕ್ಕೆ ಇಳಿದಿರುತ್ತದೆ. ಮೊದಲು 10 ನಿಮಿಷದಲ್ಲಿ ಮುಗಿಯುತ್ತಿದ್ದ ಚಿಕಿತ್ಸೆಗೆ ಆಗ 23 ನಿಮಿಷ ಬೇಕು. ಅದಕ್ಕೇ ಮೂರ್ನಾಲ್ಕು ತಿಂಗಳಿಗೊಮ್ಮೆ ಹೊಸ ಸೋರ್ಸ್ ತರಿಸಿ ಹಳೆಯದನ್ನು ಮರಳಿಸುತ್ತಾರೆ.

ಅಂದರೆ ಈ ವಹಿಯಲ್ಲಿ ಎರಡು ಲೆಕ್ಕ ಒಟ್ಟಿಗೆ ನಡೆಯಬೇಕು. ಇಂದು ಇದರ ಬಲ ಎಷ್ಟು ಎನ್ನುವುದು ಒಂದು. ಅದನ್ನು ಗಣಿತ ಹೇಳುತ್ತದೆ, ಆಸ್ಪತ್ರೆಯಲ್ಲಿ ವಿಕಿರಣದ ಲೆಕ್ಕ ನೋಡುವ ಫಿಜಿಸಿಸ್ಟ್ ಸ್ವತಃ ಅಳೆದು ತಾಳೆ ನೋಡುತ್ತಾರೆ. ಈಗ ಇದು ಎಲ್ಲಿದೆ ಎನ್ನುವುದು ಇನ್ನೊಂದು. ಇದನ್ನು ಯಾವ ಗಣಿತವೂ ಹೇಳುವುದಿಲ್ಲ. ವಿಕಿರಣ ಅಳೆಯುವ ಮೀಟರ್ ಹಿಡಿದು ಯಾರಾದರೂ ಹೋಗಿ ನೋಡಲೇಬೇಕು. ಮೊದಲನೆಯ ಲೆಕ್ಕ ತಪ್ಪಿದರೆ ಅದು ರೋಗಿಯ ಡೋಸಿನಲ್ಲಿ ತಪ್ಪಾಗುತ್ತದೆ. ಎರಡನೆಯದು ತಪ್ಪಿದರೆ ಊರೇ ಸಿಕ್ಕಿಬೀಳುತ್ತದೆ.

ಕಾಗದದ ಮೇಲಿನ ವ್ಯವಸ್ಥೆ ನಮ್ಮ ದೇಶದಲ್ಲಿ ಗಟ್ಟಿಯಾಗಿಯೇ ಇದೆ. 1983ರಲ್ಲಿ ಹುಟ್ಟಿದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿಯ ಅನುಮತಿಯಿಲ್ಲದೆ ಒಂದು ಕಾಳನ್ನೂ ತರಿಸುವಂತಿಲ್ಲ. ಅರ್ಜಿ, ಅನುಮತಿ, ವರದಿ ಎಲ್ಲ ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತವೆ. ಕೆಲಸ ಮುಗಿದ ಸೋರ್ಸನ್ನು ಯಾರು ಹಿಂದಕ್ಕೆ ಪಡೆಯುತ್ತಾರೆ ಎಂಬ ಮಾತು ಖರೀದಿಗೆ ಮುಂಚೆಯೇ ತೀರ್ಮಾನವಾಗಿರಬೇಕು. ಪ್ರತಿ ಕೇಂದ್ರಕ್ಕೂ ಒಬ್ಬ ವಿಕಿರಣ ಸುರಕ್ಷತಾ ಅಧಿಕಾರಿ ಇರಲೇಬೇಕು. ಆಸ್ಪತ್ರೆಯವರು ಅವರನ್ನು ಆರ್‌ಎಸ್‌ಒ ಎನ್ನುತ್ತಾರೆ, ಬಹಳ ಕಡೆ ಮೆಡಿಕಲ್ ಫಿಜಿಸಿಸ್ಟೇ ಆ ಹೊಣೆ ಹೊತ್ತಿರುತ್ತಾರೆ. 2004ರ ವಿಕಿರಣ ಸುರಕ್ಷತಾ ನಿಯಮಗಳಂತೆ ಇರುವ ಸೋರ್ಸ್‌ಗಳನ್ನು ಕಾಲಕಾಲಕ್ಕೆ ಕಣ್ಣಾರೆ ಪರಿಶೀಲಿಸಬೇಕು, ಒಂದು ಕಳೆದುಹೋದರೆ 24 ಗಂಟೆಯೊಳಗೆ ಮಂಡಳಿಗೆ ತಿಳಿಸಬೇಕು.

ಆ 24 ಗಂಟೆ ಶುರುವಾಗುವುದು ಯಾವಾಗ? ಕಳೆದುಹೋದದ್ದು ಗೊತ್ತಾದ ಮೇಲೆ. ಗೊತ್ತಾಗುವುದೇ ತಡವಾದರೆ ನಿಯಮ ಏನೂ ಮಾಡಲಾರದು. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗಣಿಯೊಂದರಿಂದ ಲಾರಿಯಲ್ಲಿ ಹೊರಟ ಸೀಸಿಯಂ ಎಂಬ ವಿಕಿರಣ ವಸ್ತುವಿನ ಕೋಶವೊಂದು 1,400 ಕಿಲೋಮೀಟರ್ ದಾರಿಯಲ್ಲಿ ಎಲ್ಲೋ ಉದುರಿಬಿತ್ತು. 6 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಉದ್ದದ ವಸ್ತು. ಪೆಟ್ಟಿಗೆ ಪರ್ತ್ ನಗರ ತಲುಪಿದ್ದು ಜನವರಿ 16ಕ್ಕೆ. ಅದನ್ನು ಬಿಚ್ಚಿ ನೋಡಿದ್ದು 25ಕ್ಕೆ. ಅಷ್ಟು ದಿನ ಕಾಗದದ ಪ್ರಕಾರ ಕೋಶ ಪೆಟ್ಟಿಗೆಯೊಳಗೇ ಇತ್ತು! ಫೆಬ್ರುವರಿ 1ರಂದು ಹೆದ್ದಾರಿಯ ಅಂಚಿನಿಂದ ಎರಡು ಮೀಟರ್ ದೂರದಲ್ಲಿ ಅದು ಸಿಕ್ಕಿತು. ಅದು ಆಸ್ಪತ್ರೆಯ ಸರಕಲ್ಲ, ಗಣಿಯ ಉಪಕರಣದ್ದು. ಆದರೂ ಪಾಠ ಅದೇ.

ಆಸ್ಪತ್ರೆಯಲ್ಲೇ ನಡೆದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠವಾದ ಘಟನೆ 1992ರ ನವೆಂಬರ್‌ನದು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇಂಡಿಯಾನಾ ಎಂಬ ಸಣ್ಣ ಊರಿದೆ. ಅಲ್ಲಿನ ಕ್ಯಾನ್ಸರ್ ಕೇಂದ್ರಕ್ಕೆ ಎಂಬತ್ತು ದಾಟಿದ ವೃದ್ಧೆಯೊಬ್ಬರು ಇದೇ ಇರಿಡಿಯಂ ಚಿಕಿತ್ಸೆಗೆ ಬಂದರು. ಚಿಕಿತ್ಸೆಯ ನಡುವೆ ತಂತಿ ತುದಿಯಲ್ಲಿ ತುಂಡಾಯಿತು. ಜೀರಿಗೆ ಕಾಳು ವೃದ್ಧೆಯ ದೇಹದೊಳಗಿನ ನಳಿಗೆಯಲ್ಲಿ ಉಳಿಯಿತು, ಬರಿಯ ತಂತಿ ತಿಜೋರಿಗೆ ಮರಳಿತು. ತಂತಿ ಬಂದದ್ದನ್ನು ಕಂಡ ಮಷಿನ್ನು ‘ಎಲ್ಲ ಸುರಕ್ಷಿತ’ ಎಂದು ತೋರಿಸಿತು. ಗೋಡೆಯ ಮೇಲಿನ ಅಲಾರಾಂ ಮಾತ್ರ ಕೂಗುತ್ತಲೇ ಇತ್ತು. ಆ ಅಲಾರಾಂ ಹಿಂದೆಯೂ ಸುಳ್ಳು ಕೂಗಿದ್ದಿತು. ಸಿಬ್ಬಂದಿ ಅದು ಕೆಟ್ಟಿದೆ ಎಂದುಕೊಂಡರು, ಮಷಿನ್ನಿನ ಮಾತನ್ನು ನಂಬಿದರು. ಕೈ ಮೀಟರ್ ಅಲ್ಲೇ ಇತ್ತು. ಯಾರೂ ಎತ್ತಿಕೊಳ್ಳಲಿಲ್ಲ.

ವೃದ್ಧೆಯನ್ನು ಅವರು ಇದ್ದ ನರ್ಸಿಂಗ್ ಹೋಮಿಗೆ, ಅಂದರೆ ವೃದ್ಧರ ಆರೈಕೆ ಮನೆಗೆ, ವಾಪಸ್ ಕಳಿಸಿದರು. ಗಡ್ಡೆಗೆ ಬೇಕಾದುದಕ್ಕಿಂತ ನೂರಾರು ಪಟ್ಟು ಹೆಚ್ಚು ವಿಕಿರಣ ಅವರ ದೇಹಕ್ಕೆ ಬಿತ್ತು. ನಾಲ್ಕು ದಿನದ ಮೇಲೆ ನಳಿಗೆ ತಾನಾಗಿ ಹೊರಬಂದಿತು. ಅದನ್ನು ವೈದ್ಯಕೀಯ ಕಸದ ಕೆಂಪು ಚೀಲಕ್ಕೆ ಹಾಕಿದರು. ಮರುದಿನ ಅವರು ತೀರಿಕೊಂಡರು. ಚೀಲ ಕಸದ ಗಾಡಿ ಹತ್ತಿ ಪಕ್ಕದ ಒಹಾಯೋ ರಾಜ್ಯದ ವಿಲೇವಾರಿ ಕೇಂದ್ರಕ್ಕೆ ಹೋಯಿತು. ಅಲ್ಲಿನ ಬಾಗಿಲಲ್ಲಿ ನಿಲ್ಲಿಸಿದ್ದ ವಿಕಿರಣ ಮಾಪಕ ಕೂಗಿಕೊಂಡಿತು. ಆವರೆಗೆ ಆ ಕ್ಯಾನ್ಸರ್ ಕೇಂದ್ರಕ್ಕೆ ತನ್ನ ಸೋರ್ಸ್ ಹೋದದ್ದೇ ಗೊತ್ತಿರಲಿಲ್ಲ. ನರ್ಸುಗಳು, ಭೇಟಿಗೆ ಬಂದವರು, ಅದೇ ಮನೆಯ ಬೇರೆ ವೃದ್ಧರು, ಕಸದ ಗಾಡಿಯವರು ಸೇರಿ 94 ಮಂದಿ ವಿಕಿರಣಕ್ಕೆ ಒಡ್ಡಿಕೊಂಡಿದ್ದರು.

ಅದೇ ಡಿಸೆಂಬರ್‌ನಲ್ಲಿ ಅದೇ ರಾಜ್ಯದ ಪಿಟ್ಸ್‌ಬರ್ಗ್‌ನಲ್ಲಿ ಅದೇ ಮಾದರಿಯ ಮಷಿನ್ನಿನ ತಂತಿ ಮತ್ತೆ ತುಂಡಾಯಿತು. ಅಲ್ಲಿಯವರು ಕೂಡಲೇ ಗುರುತಿಸಿ ನಳಿಗೆ ತೆಗೆದು ವಿಕಿರಣ ತಡೆಯುವ ಡಬ್ಬಿಗೆ ಹಾಕಿದರು. ಮಷಿನ್ ಎರಡೂ ಕಡೆ ಒಂದೇ ತರಹ ಕೆಟ್ಟಿತ್ತು.

ಇದನ್ನು ಓದಿದ ಮೇಲೆ ವೈನಿಯ ಮೈಮೇಲೆ ಮೀಟರ್ ಆಡಿಸಿದ ಹುಡುಗನ ಬಗ್ಗೆ ನನಗೆ ಗೌರವ ಹೆಚ್ಚಾಯಿತು. ಅವನು ಮಾಡಿದ್ದು ಅರ್ಧ ನಿಮಿಷದ ಕೆಲಸ. ದಿನಕ್ಕೆ ಆರು ರೋಗಿ ಎಂದರೆ ವರ್ಷಕ್ಕೆ ಸಾವಿರ ಸಲಕ್ಕೂ ಮಿಕ್ಕಿ ಅದೇ ಕೆಲಸ, ಪ್ರತಿ ಸಲವೂ ಸೊನ್ನೆಯೇ ಉತ್ತರ. ಮನುಷ್ಯನಿಗೆ ಬೇಸರ ಬಾರದೆ ಇರುತ್ತದೆಯೇ? ಸಾವಿರದ ಒಂದನೇ ಸಲವೂ ಅದನ್ನು ಅಷ್ಟೇ ಶ್ರದ್ಧೆಯಿಂದ ಮಾಡುವ ಹಾಗೆ ಅವನನ್ನು ನಡೆಸಿಕೊಳ್ಳುವುದು ಆಸ್ಪತ್ರೆಯ ಆಡಳಿತದ ಕೆಲಸ. ಸುಳ್ಳು ಕೂಗುವ ಅಲಾರಾಂ ಅನ್ನು ಅದೇ ದಿನ ರಿಪೇರಿ ಮಾಡಿಸುವುದು, ಮೀಟರಿನ ಬ್ಯಾಟರಿ ಮುಗಿದಿದ್ದರೆ ಚಿಕಿತ್ಸೆಯನ್ನೇ ನಿಲ್ಲಿಸುವ ಅಧಿಕಾರ ಅವನಿಗೆ ಕೊಡುವುದು ಇಂಥವಕ್ಕೆ ಕೋಟಿಗಟ್ಟಲೆ ಹಣ ಬೇಡ. ರೋಗಿಗಳ ಸಾಲು ಹೊರಗೆ ಕಾದಿರುವಾಗ ‘ಇವತ್ತೊಂದು ದಿನ ನಡೀಲಿ’ ಎನ್ನುವ ಮೇಲಧಿಕಾರಿ ಇರಬಾರದು, ಅಷ್ಟೇ.

ಇನ್ನೂ ಕೆಲವು ಸೋರ್ಸ್‌ಗಳಿಗೆ ಲೆಕ್ಕದ ರೀತಿಯೇ ಬೇರೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ದೊಡ್ಡ ನಗರಗಳಲ್ಲಿ ಅಯೋಡಿನ್-125ರ ಬೀಜಗಳನ್ನು ದೇಹದೊಳಗೆ ಕಾಯಂ ಆಗಿ ನೆಡುತ್ತಾರೆ. ಒಬ್ಬರಿಗೇ ಎಂಬತ್ತು, ನೂರು ಬೀಜ ಬೇಕಾಗುವುದುಂಟು. ಬಂದದ್ದು ಎಷ್ಟು, ಸೂಜಿಗೆ ತುಂಬಿದ್ದು ಎಷ್ಟು, ನೆಟ್ಟದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಎಣಿಸಿ, ಎಕ್ಸ್‌ರೇಯಲ್ಲಿ ಮತ್ತೊಮ್ಮೆ ಎಣಿಸುತ್ತಾರೆ. ಮೂತ್ರದಲ್ಲಿ ಒಂದೆರಡು ಹೊರಬರಬಹುದಾದ್ದರಿಂದ ಸೋಸಿ ನೋಡುತ್ತಾರೆ. ಇವುಗಳ ಬಲ ಕಡಿಮೆ, ಐದನೇ ವರ್ಗ. ಥೈರಾಯ್ಡ್‌ಗೆ ಕುಡಿಸುವ ಅಯೋಡಿನ್-131 ಎಂಟು ದಿನಕ್ಕೆ ಅರ್ಧವಾಗುತ್ತದೆ. ಅಲ್ಲಿ ಕಾಳು ಎಣಿಸುವ ಪ್ರಶ್ನೆಯಿಲ್ಲ, ರೋಗಿಯ ಬೆವರು, ಮೂತ್ರ, ಹಾಸಿಗೆ ಬಟ್ಟೆಯ ಮೇಲೆ ಕಣ್ಣಿಡಬೇಕು.

ನನಗೆ ಹೆಚ್ಚು ಚಿಂತೆ ಇರುವುದು ಬೇಗ ಕರಗದ ಹಳೆಯ ಸರಕಿನ ಬಗ್ಗೆ. ಇರಿಡಿಯಂ ಎರಡು ವರ್ಷ ಮೂಲೆಯಲ್ಲಿ ಬಿದ್ದರೆ ಸಾವಿರಕ್ಕೆ ಒಂದು ಪಾಲಾಗುತ್ತದೆ. ಆದರೆ ಈ ಮಷಿನ್ನುಗಳು ಬರುವ ಮುಂಚೆ ಇದೇ ಚಿಕಿತ್ಸೆಗೆ ಸೀಸಿಯಂ-137ರ ಕೊಳವೆಗಳನ್ನು ಬಳಸುತ್ತಿದ್ದರು, ಅದಕ್ಕೂ ಮುಂಚೆ ರೇಡಿಯಂ ಸೂಜಿಗಳನ್ನು. ಸೀಸಿಯಂನ ಅರ್ಧಾಯುಷ್ಯ 30 ವರ್ಷ. 1985ರಲ್ಲಿ ತಂದ ಕೊಳವೆಯಲ್ಲಿ ಇಂದಿಗೂ ನೂರಕ್ಕೆ ನಲವತ್ತರಷ್ಟು ಬಲ ಉಳಿದಿರುತ್ತದೆ. ತಂದ ಡಾಕ್ಟರು ನಿವೃತ್ತರಾಗಿ, ವಹಿ ಬರೆದ ಫಿಜಿಸಿಸ್ಟ್ ಬೇರೆ ಊರಿಗೆ ಹೋಗಿ, ಕಟ್ಟಡ ಕೈ ಬದಲಾಗಿದ್ದರೂ ಕೊಳವೆ ಮಾತ್ರ ಜೀವಂತ. ರೇಡಿಯಂನ ಅರ್ಧಾಯುಷ್ಯವಂತೂ 1,600 ವರ್ಷ. 1998ರಲ್ಲಿ ಅಮೆರಿಕದ ಗ್ರೀನ್ಸ್‌ಬರೊ ಊರಿನ ಆಸ್ಪತ್ರೆಯೊಂದರ ಬೀಗ ಹಾಕಿದ ಪೆಟ್ಟಿಗೆಯಿಂದ ಇಂಥ 19 ಸೀಸಿಯಂ ಕೊಳವೆಗಳು ಮಾಯವಾದವು. ಎಷ್ಟು ಹುಡುಕಿದರೂ ಸಿಗಲಿಲ್ಲ.

ಬ್ರೆಜಿಲ್‌ನ ಗೋಯಾನಿಯಾ ಊರಿನ ಕಥೆ ಭೌತಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಸ್ಥಳ ಬದಲಿಸಿದ ಕ್ಲಿನಿಕ್ಕೊಂದು ಸೀಸಿಯಂ ಮಷಿನ್ ಹಳೆಯ ಕಟ್ಟಡದಲ್ಲೇ ಬಿಟ್ಟು ಹೋಗಿತ್ತು. 1987ರಲ್ಲಿ ಇಬ್ಬರು ಅದನ್ನು ಬಿಚ್ಚಿ ಗುಜರಿಗೆ ಮಾರಿದರು. ಒಳಗಿನ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯಿತು, ಜನ ಮೈಗೆ ಹಚ್ಚಿಕೊಂಡರು, ಮಕ್ಕಳು ಆಡಿದರು. ನಾಲ್ವರು ಸತ್ತರು, 249 ಮಂದಿಯ ಮೇಲೆ ಪುಡಿ ಅಂಟಿದ್ದು ಪತ್ತೆಯಾಯಿತು. ನಮ್ಮಲ್ಲೇ 2010ರಲ್ಲಿ ದಿಲ್ಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೋಬಾಲ್ಟ್-60 ಬಿಚ್ಚಿಕೊಂಡು ಒಬ್ಬ ಕೆಲಸಗಾರ ಜೀವ ಬಿಟ್ಟ. ಅದು ಬಂದದ್ದು ದಿಲ್ಲಿ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ. 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಉಪಕರಣವನ್ನು ಹಳೆಯ ಕಬ್ಬಿಣದ ಹಾಗೆ ಹರಾಜು ಹಾಕಿದ್ದರು.

ಗುಜರಿ ಎಂದ ಕೂಡಲೇ ಬೆಳಗಾವಿಯವನಾದ ನನಗೆ ಉದ್ಯಮಬಾಗ ಕಣ್ಣ ಮುಂದೆ ಬರುತ್ತದೆ. ಇದು ಫೌಂಡ್ರಿಗಳ ಊರು. ಪಂಪಿನ, ವಾಲ್ವಿನ, ಮೋಟಾರು ಗಾಡಿಗಳ ಎರಕದ ಭಾಗಗಳು ಇಲ್ಲಿಂದ ದೇಶವಿದೇಶಕ್ಕೆ ಹೋಗುತ್ತವೆ. ಭಟ್ಟಿಗೆ ಬೀಳುವುದರಲ್ಲಿ ದೊಡ್ಡ ಪಾಲು ಭಂಗಾರ, ಅಂದರೆ ಗುಜರಿ ಕಬ್ಬಿಣ. ಅದು ಎಲ್ಲೆಲ್ಲಿಂದ ಬಂದದ್ದು ಎಂದು ಯಾರೂ ಕೇಳುವುದಿಲ್ಲ. ಸೀಸದ ಭಾರವಾದ ಡಬ್ಬಿ ಸಿಕ್ಕರೆ ಭಂಗಾರದವನಿಗೆ ಖುಷಿಯೇ, ಸೀಸಕ್ಕೆ ಒಳ್ಳೆ ರೇಟು. ಅದರೊಳಗೆ ಸೋರ್ಸ್ ಇದ್ದರೆ ಏನಾಗುತ್ತದೆ ಎಂಬುದು ಆ ಧಾತುವಿನ ಗುಣದ ಮೇಲಿದೆ. ಕೋಬಾಲ್ಟ್ ಕಬ್ಬಿಣದ ಜೊತೆ ಬೆರೆತು ಎರಕದೊಳಗೇ ಹೋಗುತ್ತದೆ. ಸೀಸಿಯಂ ಆವಿಯಾಗಿ ಹೊಗೆಯ ಧೂಳಿನಲ್ಲಿ ಸೇರುತ್ತದೆ. 1998ರಲ್ಲಿ ಸ್ಪೇನಿನ ಅಲ್ಹೆಸಿರಾಸ್ ಹತ್ತಿರದ ಉಕ್ಕಿನ ಕಾರ್ಖಾನೆಯಲ್ಲಿ ಹೀಗೆ ಕರಗಿದ ಸೀಸಿಯಂ ಗಾಳಿಯಲ್ಲಿ ಹರಡಿ ಯುರೋಪಿನ ಬೇರೆ ದೇಶಗಳ ಮಾಪಕಗಳಲ್ಲೂ ಕಾಣಿಸಿಕೊಂಡಿತು. ಮೆಕ್ಸಿಕೊದ ಹ್ವಾರೆಸ್‌ನಲ್ಲಿ 1983ರ ಕೊನೆಗೆ ಆಸ್ಪತ್ರೆಯ ಕೋಬಾಲ್ಟ್ ಮಷಿನ್ನಿನ ಸಾವಿರಾರು ಗುಳಿಗೆಗಳು ಗುಜರಿಗೆ ಬಿದ್ದು, ಕಟ್ಟಡದ ಸರಳು, ಮೇಜಿನ ಕಾಲುಗಳಾಗಿ ಹೊರಟವು. ದಾರಿ ತಪ್ಪಿದ ಲಾರಿಯೊಂದು ಅಮೆರಿಕದ ಲಾಸ್ ಅಲಾಮೊಸ್ ಪ್ರಯೋಗಾಲಯದ ಮಾಪಕದ ಮುಂದೆ ಹಾದುಹೋಗದೆ ಇದ್ದಿದ್ದರೆ ಅದು ಇನ್ನೆಷ್ಟು ಮನೆಗಳ ಗೋಡೆ ಸೇರುತ್ತಿತ್ತೋ. ನಮ್ಮ ಪಕ್ಕದ ಮಹಾರಾಷ್ಟ್ರದ ಫೌಂಡ್ರಿಯೊಂದರ ಉಕ್ಕು 2008ರಲ್ಲಿ ಫ್ರಾನ್ಸಿನ ಲಿಫ್ಟುಗಳ ಬಟನ್ನುಗಳಾಗಿ ಹೋಗಿ, ಅದರಲ್ಲಿ ಕೋಬಾಲ್ಟ್-60 ಪತ್ತೆಯಾದಾಗ ಆ ಬಟನ್ನುಗಳನ್ನೆಲ್ಲ ಕಿತ್ತು ತೆಗೆಯಬೇಕಾಯಿತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಒಹಾಯೋದಲ್ಲಿ, ಲಾಸ್ ಅಲಾಮೊಸ್‌ನಲ್ಲಿ ಕಾಪಾಡಿದ್ದು ಆಸ್ಪತ್ರೆಯ ವಹಿಯಲ್ಲ, ದಾರಿಯಲ್ಲಿ ನಿಂತಿದ್ದ ಮಾಪಕ. ಆಸ್ಪತ್ರೆ ಎಣಿಸುವುದನ್ನು ಮರೆತ ದಿನ ಹಿಡಿಯಲು ಎರಡನೇ ಬಾಗಿಲು ಬೇಕು. ಆಸ್ಪತ್ರೆಗಳ ಕಸ ಒಯ್ಯುವ ವಾಹನ ಹೊರಡುವ ಗೇಟಿನಲ್ಲಿ ಒಂದು, ಫೌಂಡ್ರಿಗೆ ಭಂಗಾರದ ಲಾರಿ ಒಳಬರುವ ತೂಕದ ಕಾಟಾದ ಪಕ್ಕ ಒಂದು ಮಾಪಕ ಇರಬೇಕು. ಸಣ್ಣ ಫೌಂಡ್ರಿಗೆ ದೊಡ್ಡ ಬಾಗಿಲು ಮಾಪಕ ಕೈಗೆಟುಕದಿದ್ದರೆ ಕೈ ಮೀಟರ್ ಆದರೂ ಸಾಕು, ಉದ್ಯಮಬಾಗದ ನಾಲ್ಕಾರು ಮಾಲಕರು ಸೇರಿ ಹಂಚಿಕೊಳ್ಳಬಹುದು. ರಫ್ತು ಮಾಡುವವರಿಗೆ ಒಂದು ಕಂಟೇನರ್ ವಾಪಸ್ ಬಂದರೆ ಆಗುವ ನಷ್ಟಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

ಎಣಿಸುವವರ ಸಾಲಿನಲ್ಲಿ ನಾವು ಫಿಜಿಸಿಸ್ಟ್, ಟೆಕ್ನಿಷಿಯನ್ ಇಬ್ಬರನ್ನೇ ನಿಲ್ಲಿಸಿದ್ದೇವೆ. ನಳಿಗೆ ಬಿದ್ದರೆ ಮೊದಲು ಮುಟ್ಟುವವರು ಆಯಾ, ವಾರ್ಡ್ ಬಾಯ್, ಬಟ್ಟೆ ಒಗೆಯುವವರು, ಕಸ ಗುಡಿಸುವವರು. ವೈನಿಯ ಚಿಕಿತ್ಸೆಯ ಕೋಣೆಯ ಬಾಗಿಲಿಗೆ ಎಚ್ಚರಿಕೆಯ ಫಲಕವಿತ್ತು, ಬರಹ ಇಂಗ್ಲಿಷಿನಲ್ಲಿ ಮಾತ್ರ. ಹಳದಿ ಬಣ್ಣದ ಮೇಲೆ ಮೂರು ರೆಕ್ಕೆಯ ಗುರುತು. ಅಲ್ಲೇ ಕೂತಿದ್ದ ಒಬ್ಬ ಅಜ್ಜಿ ಅದನ್ನು ಫ್ಯಾನು ಎಂದುಕೊಂಡಿದ್ದರು. ಅವರದು ತಪ್ಪಲ್ಲ, ಲೋಕದ ತುಂಬ ಜನ ಹಾಗೇ ಅಂದುಕೊಳ್ಳುತ್ತಾರೆ. ಭಾರತವೂ ಸೇರಿ 11 ದೇಶಗಳ ಜನರಿಗೆ ಚಿತ್ರಗಳನ್ನು ತೋರಿಸಿ ಕೇಳಿದ ಮೇಲೆ 2007ರಲ್ಲಿ ಹೊಸ ಗುರುತೊಂದನ್ನು ಹೊರಡಿಸಿದರು: ಕೆಂಪು ತ್ರಿಕೋನ, ಅದರೊಳಗೆ ರೆಕ್ಕೆಗಳಿಂದ ಹೊರಡುವ ಕಿರಣ, ತಲೆಬುರುಡೆ, ಓಡುತ್ತಿರುವ ಮನುಷ್ಯ. ಸೋರ್ಸ್ ಇರುವ ಉಪಕರಣವನ್ನು ಬಿಚ್ಚಲು ಹೋದವನ ಕಣ್ಣಿಗೆ ಬೀಳಲಿ ಎಂದು ಮಾಡಿದ ಗುರುತು ಅದು. ಬೆಳಗಾವಿಯಲ್ಲಿ ಇಂಥ ಫಲಕ ಕನ್ನಡದಲ್ಲೂ ಮರಾಠಿಯಲ್ಲೂ ಇರಬೇಕು, ವಿಜಯಪುರದಲ್ಲಿ ಉರ್ದುವೂ ಸೇರಲಿ. ಭಂಗಾರದ ಅಂಗಡಿಗಳ ಗೋಡೆಗೆ ಅದನ್ನು ಅಂಟಿಸಲು ಪಾಲಿಕೆಗೆ ಎಷ್ಟು ಖರ್ಚಾದೀತು?

ಆರ್‌ಎಸ್‌ಒ ಒಬ್ಬರ ಮೇಲೇ ಎಲ್ಲ ನಿಂತಿರುವುದೂ ಸರಿಯಲ್ಲ. ಮೆಡಿಕಲ್ ಫಿಜಿಸಿಸ್ಟ್‌ಗಳು ನಮ್ಮಲ್ಲಿ ಬಹಳ ಇಲ್ಲ, ಜಿಲ್ಲೆಯ ಊರುಗಳಲ್ಲಿ ನಿಲ್ಲುವವರು ಇನ್ನೂ ಕಡಿಮೆ. ಅವರು ಕೆಲಸ ಬಿಟ್ಟ ದಿನ ವಹಿಯೊಂದಿಗೆ ನೆನಪೂ ಹೊರಟುಹೋಗುತ್ತದೆ. ಬರುವವರಿಗೆ ಕಾಗದ ಒಪ್ಪಿಸಿದರೆ ಸಾಲದು. ಇಬ್ಬರೂ ಕೂಡಿ ತಿಜೋರಿ ತೆರೆದು, ಮೀಟರ್ ಹಿಡಿದು, ನಂಬರ್ ಓದಿ, ಇಷ್ಟು ಎಂದು ಸಹಿ ಹಾಕಬೇಕು. ಆಸ್ಪತ್ರೆ ಮುಚ್ಚಿದರೆ ಅಥವಾ ಮಾರಾಟವಾದರೆ ಸೋರ್ಸ್ ಮರಳಿಸುವ ಖರ್ಚು ಯಾರದು ಎಂಬ ಜಗಳಕ್ಕೆ ಜಾಗ ಉಳಿಯದಂತೆ ಆ ಹಣವನ್ನು ತರಿಸುವಾಗಲೇ ತೆಗೆದಿಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಸಕ್ಕರೆ ಕಾರ್ಖಾನೆ ಮುಚ್ಚಿದಾಗ ಕಬ್ಬಿನ ಬಾಕಿ ಏನಾಗುತ್ತದೆ ಎಂದು ಕಂಡವರು ನಾವು.

ಲೆಕ್ಕ ಗಟ್ಟಿಯಾಗಿದ್ದರೆ ಇನ್ನೊಂದು ಲಾಭವಿದೆ. ವೈನಿ ಮನೆಗೆ ಬಂದ ಮೊದಲ ವಾರ ಅವರ ತಾಟು, ವಾಟಿ ಬೇರೆ ಇಟ್ಟಿದ್ದರು. ಮೊಮ್ಮಗನನ್ನು ಹತ್ತಿರ ಬಿಡಲಿಲ್ಲ. ಮೈಯಲ್ಲಿ ಕರೆಂಟ್ ಉಳಿದಿರುತ್ತದೆ ಎಂಬ ಹೆದರಿಕೆ. ಸೋರ್ಸ್ ತಿಜೋರಿಗೆ ಮರಳಿದ ಕ್ಷಣಕ್ಕೆ ರೋಗಿಯಲ್ಲಿ ವಿಕಿರಣ ಏನೂ ಉಳಿಯುವುದಿಲ್ಲ, ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ. ಇದನ್ನು ನಾನು ಎಷ್ಟು ವಿವರಿಸಿದರೂ ನಮ್ಮ ಅಣ್ಣ ತಲೆಯಾಡಿಸುತ್ತಿದ್ದನೇ ಹೊರತು ನಂಬಿರಲಿಲ್ಲ. ಎರಡನೇ ಸಲ ಅವನೂ ಜೊತೆಗೆ ಹೋದ. ಹೊರಗೆ ಬಂದ ಟೆಕ್ನಿಷಿಯನ್ ಹುಡುಗನ ತೋಳು ಹಿಡಿದು ನಿಲ್ಲಿಸಿ ಕೇಳಿದ. ಹುಡುಗ ಗಡಿಬಿಡಿಯಲ್ಲಿದ್ದರೂ ಮೀಟರ್ ತಂದು, ವೈನಿಯ ಪಕ್ಕ ಹಿಡಿದು, ಕಾರಿಡಾರಿನ ಖಾಲಿ ಬೆಂಚಿನ ಪಕ್ಕವೂ ಹಿಡಿದು, ‘ನೋಡ್ರಿ ಅಣ್ಣಾರ, ಎರಡೂ ಕಡೆ ಒಂದ ನಂಬರ್ ಐತಿ’ ಎಂದು ತೋರಿಸಿದ. ಆ ರಾತ್ರಿ ವೈನಿಯ ತಾಟು ಎಲ್ಲರ ತಾಟಿನ ಜೊತೆಗೆ ಬಂತು.